ಪ್ರಾಣ ಕೊಡುವುದು, ಪ್ರಾಣ ತೆಗೆಯುವುದು

ದೊಡ್ಡ ಧ್ಯೇಯವೊಂದರ ಸಲುವಾಗಿ ಒಬ್ಬ ಮನುಷ್ಯನನ್ನು ಕೊಲ್ಲಬಹುದೇ? ಪ್ರಶ್ನೆ ಹೊಸದಲ್ಲ. ಕುರುಕ್ಷೇತ್ರದಲ್ಲಿ ಬಿಲ್ಲು ಕೆಳಗಿಟ್ಟು ಕುಳಿತ ಅರ್ಜುನನ ಕಾಲದಿಂದಲೂ ಇದಕ್ಕೆ ಉತ್ತರ ಹೇಳಿದವರು ಅನೇಕರು. ಎಲ್ಲರ ಮನಸ್ಸೂ ಒಪ್ಪುವ ಉತ್ತರ ಮಾತ್ರ ಇನ್ನೂ ದೊರೆತಂತಿಲ್ಲ. ಸಾಮಾನ್ಯವಾಗಿ ಇಂಥ ಪ್ರಶ್ನೆಗಳನ್ನು ನಾವು ಪಂಡಿತರಿಗೆ ಬಿಟ್ಟು ಸುಮ್ಮನಿರುತ್ತೇವೆ. ಆದರೆ ಕೆಲವು ಊರುಗಳಲ್ಲಿ ವಾಸಿಸುವವರಿಗೆ ಆ ಅನುಕೂಲವಿಲ್ಲ. ಅಲ್ಲಿ ಪ್ರಶ್ನೆಯೇ ಬೀದಿಗೆ, ಬಯಲಿಗೆ ಹೆಸರಾಗಿ ನಿಂತಿರುತ್ತದೆ. ನಾಸಿಕ ಅಂಥದೊಂದು ಊರು.

ಗೋದಾವರಿಯ ಸ್ನಾನಕ್ಕೂ ತ್ರ್ಯಂಬಕೇಶ್ವರನ ದರ್ಶನಕ್ಕೂ ನಾಸಿಕಕ್ಕೆ ಬಂದು ಹೋಗುವ ಕನ್ನಡಿಗರ ಮಾತು ಬೇರೆ. 1964ರಲ್ಲಿ ಓಝರಿನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸಿನ ವಿಮಾನ ಕಾರ್ಖಾನೆ ಆರಂಭವಾದ ಮೇಲೆ ಬೆಂಗಳೂರಿನ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆಗಿಹೋದವರುಂಟು. ಇವರ ಮಕ್ಕಳು, ಮೊಮ್ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ನಗರದ ದೊಡ್ಡ ಮೈದಾನದಲ್ಲಿ ಕ್ರಿಕೆಟ್ ನೋಡುತ್ತಾರೆ. ಜನ ಅದನ್ನು ಗಾಲ್ಫ್ ಕ್ಲಬ್ ಮೈದಾನವೆಂದು ಕರೆದರೂ ಅದರ ಹೆಸರು ಹುತಾತ್ಮ ಅನಂತ ಕಾನ್ಹೆರೆ ಮೈದಾನ. ಯಾರು ಈ ಕಾನ್ಹೆರೆ ಎಂದು ಮಗು ಕೇಳಿದರೆ, ದೇಶಕ್ಕಾಗಿ ಪ್ರಾಣ ಕೊಟ್ಟವನು ಎನ್ನುತ್ತೇವೆ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಅರ್ಧ ಉತ್ತರ. ಪ್ರಾಣ ಕೊಡುವುದಕ್ಕೆ ನಾಲ್ಕು ತಿಂಗಳ ಮೊದಲು ಅವನು ಒಂದು ಪ್ರಾಣ ತೆಗೆದಿದ್ದ. ಆ ಉಳಿದ ಅರ್ಧವನ್ನೂ ಮಕ್ಕಳಿಗೆ ಹೇಳಬೇಕೇ, ಹೇಳುವುದಾದರೆ ಹೇಗೆ ಹೇಳಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಅನಂತ ಲಕ್ಷ್ಮಣ ಕಾನ್ಹೆರೆ ರತ್ನಾಗಿರಿ ಜಿಲ್ಲೆಯ ಖೇಡ ತಾಲೂಕಿನವನು. ಓದಿಗಾಗಿ ಮೊದಲು ಇಂದೋರಿಗೆ, ಆಮೇಲೆ ಔರಂಗಾಬಾದಿಗೆ ಬಂದ. 2023ರಿಂದ ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿರುವ ಆ ನಗರ ಆಗ ನಿಜಾಮನ ರಾಜ್ಯದಲ್ಲಿತ್ತು. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಅದೇ ರಾಜ್ಯದಲ್ಲಿದ್ದವು. ಹುಟ್ಟಿದ ಊರು ಬಿಟ್ಟು, ಪರಸ್ಥಳದಲ್ಲಿ ಬೆಳೆಯುತ್ತಿದ್ದ ಈ ಹುಡುಗನಿಗೆ ಗೆಳೆತನವೇ ಮನೆಯಾಗಿದ್ದರೆ ಆಶ್ಚರ್ಯವಿಲ್ಲ. ಅವನು 'ಮಿತ್ರಪ್ರೇಮ' ಎಂಬ ಹೆಸರಿನ ಒಂದು ಕಾದಂಬರಿಯನ್ನೂ ಬರೆದಿದ್ದ. ನಾಸಿಕದ ಗುಪ್ತ ಸಂಘ ಕೂಡ ಮೊದಲಿಗೆ ಇಟ್ಟುಕೊಂಡಿದ್ದ ಹೆಸರು 'ಮಿತ್ರಮೇಳ'. ಸಾವರಕರ ಸಹೋದರರು ಕಟ್ಟಿದ ಆ ಮೇಳವೇ 1904ರಲ್ಲಿ 'ಅಭಿನವ ಭಾರತ'ವಾಯಿತು. ಹರೆಯದ ಹುಡುಗನೊಬ್ಬ ಕ್ರಾಂತಿಯ ದಾರಿ ಹಿಡಿಯುವುದು ಪುಸ್ತಕದಿಂದ ಎಂದು ನಾವು ತಿಳಿಯುತ್ತೇವೆ. ಬಹಳ ಮಟ್ಟಿಗೆ ಅದು ಗೆಳೆಯರಿಂದ. ಊರು ಬಿಟ್ಟು ಬಂದು ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರು ಈ ಮಾತನ್ನು ಬೇಗ ಅರಿತುಕೊಳ್ಳಬಲ್ಲೆವು.

ಆ ವರ್ಷಗಳ ಸಂಕಟವನ್ನೂ ನೆನೆಯಬೇಕು. 1908ರ ಜುಲೈಯಲ್ಲಿ ಲೋಕಮಾನ್ಯ ತಿಲಕರಿಗೆ, ಪತ್ರಿಕೆಯಲ್ಲಿ ಬರೆದ ಲೇಖನಗಳಿಗಾಗಿ, ಆರು ವರ್ಷ ಶಿಕ್ಷೆ ವಿಧಿಸಿ ಮಂಡಾಲೆಗೆ ಕಳಿಸಿದರು. 1909ರ ಜೂನ್ 9ರಂದು ಬಾಬಾರಾವ್ ಎಂದು ಹೆಸರಾದ ಗಣೇಶ ಸಾವರಕರರಿಗೆ, ಕೆಲವು ಪದ್ಯಗಳನ್ನು ಅಚ್ಚು ಹಾಕಿಸಿದ್ದಕ್ಕೆ, ಆಜೀವ ಕರಿನೀರಿನ ಶಿಕ್ಷೆಯಾಯಿತು. ಬರೆದರೆ ಬಂಧನ, ಹಾಡಿದರೆ ಅಂಡಮಾನ್. ಅರ್ಜಿಗೆ ಬೆಲೆಯಿಲ್ಲ, ಮತಕ್ಕೆ ಅವಕಾಶವೇ ಇಲ್ಲ. ಹದಿನೆಂಟರ ಹುಡುಗನಿಗೆ ಎಲ್ಲ ಬಾಗಿಲುಗಳೂ ಮುಚ್ಚಿದಂತೆ ತೋರಿದ್ದರೆ ಅದು ಅವನ ಕಲ್ಪನೆಯಲ್ಲ.

ಬಾಬಾರಾವ್ ಅವರನ್ನು ವಿಚಾರಣೆಗೆ ಒಪ್ಪಿಸಿದವನು ನಾಸಿಕದ ಕಲೆಕ್ಟರ್ ಎ. ಎಂ. ಟಿ. ಜಾಕ್ಸನ್. ಈ ಕಥೆ ಸುಲಭವಾಗದಿರುವುದು ಇಲ್ಲಿಂದಲೇ. ಜಾಕ್ಸನ್ ಕ್ರೂರಿಯೆಂದು ಹೆಸರಾದವನಲ್ಲ. ಸಂಸ್ಕೃತ, ಮರಾಠಿ ಬಲ್ಲ ವಿದ್ವಾಂಸ; ಜನ ಅವನನ್ನು ಪಂಡಿತ ಜಾಕ್ಸನ್ ಎಂದೇ ಕರೆಯುತ್ತಿದ್ದರು. ಮುಂಬಯಿ ಗೆಜೆಟಿಯರಿಗಾಗಿ ಗುಜರಾತಿನ ಪ್ರಾಚೀನ ಇತಿಹಾಸದ ಮೇಲೆ ಕೆಲಸ ಮಾಡಿದವನು. ಹಳ್ಳಿಗಳ ಜಾನಪದ ನಂಬಿಕೆ, ಆಚಾರಗಳನ್ನು ಅವನು ಸಂಗ್ರಹಿಸಿದ್ದ; ಆ ಸಾಮಗ್ರಿ ಅವನ ಮರಣದ ನಂತರ, 1914 ಮತ್ತು 1915ರಲ್ಲಿ, ಎಂಥೋವನ್ ಎಂಬ ಅಧಿಕಾರಿಯ ಕೈಯಿಂದ ಎರಡು ಸಂಪುಟಗಳಾಗಿ ಹೊರಬಂತು. ಅವನ ಸವಿಮಾತು, ವಿದ್ವತ್ತುಗಳೇ ಜನರ ಅಸಮಾಧಾನವನ್ನು ಮಂಕುಗೊಳಿಸುತ್ತವೆ, ಆದ್ದರಿಂದ ಒಳ್ಳೆಯ ಅಧಿಕಾರಿ ಕೆಟ್ಟವನಿಗಿಂತ ಹೆಚ್ಚು ಅಪಾಯಕಾರಿ ಎಂಬುದು ಕ್ರಾಂತಿಕಾರರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಅನ್ಯಾಯದ ವ್ಯವಸ್ಥೆಗಳು ನಡೆಯುವುದು ಬಹುಪಾಲು ಸಜ್ಜನರ ದುಡಿಮೆಯಿಂದಲೇ. ಸಂಬಳಕ್ಕೆ ದುಡಿಯುವ ನಮ್ಮಲ್ಲಿ ಯಾರೂ ಇದನ್ನು ಒಮ್ಮೆಲೇ ತಳ್ಳಿಹಾಕಲಾರೆವು. ಆದರೆ ಈ ವಾದವನ್ನು ಕೊನೆಯವರೆಗೆ ಒಯ್ದರೆ ಒಳ್ಳೆಯತನವೇ ಮರಣದಂಡನೆಗೆ ಕಾರಣವಾಗುತ್ತದೆ. ಅಲ್ಲಿ ಮನಸ್ಸು ತಡೆಯುತ್ತದೆ.

ಜಾಕ್ಸನ್‌ಗೆ ಬಡ್ತಿಯಾಗಿ ನಾಸಿಕದಿಂದ ವರ್ಗವಾಗಿತ್ತು. 1909ರ ಡಿಸೆಂಬರ್ 21ರ ರಾತ್ರಿ ವಿಜಯಾನಂದ ನಾಟಕಗೃಹದಲ್ಲಿ ಅವನ ಗೌರವಾರ್ಥ ಬೀಳ್ಕೊಡುಗೆಯ ಆಟ. ಆಡುತ್ತಿದ್ದವರು ಕಿರ್ಲೋಸ್ಕರ ನಾಟಕ ಮಂಡಳಿ, ಅಂದರೆ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಕಟ್ಟಿದ ಕಂಪನಿ. ನಾಟಕ, ದೇವಲರ 'ಶಾರದಾ'; ಹಣದಾಸೆಗೆ ಎಳೆಯ ಹುಡುಗಿಯನ್ನು ಮುದುಕನಿಗೆ ಕಟ್ಟಲು ಹೊರಟ ಮನೆಯ ಕಥೆ. ಜಾಕ್ಸನ್ ಒಳಗೆ ಬರುತ್ತಿದ್ದಂತೆ ಕಾನ್ಹೆರೆ ಗುಂಡು ಹಾರಿಸಿದ. ತನ್ನ ಪ್ರಾಣವನ್ನೂ ಅಲ್ಲೇ ಕಳೆದುಕೊಳ್ಳಬೇಕೆಂದಿದ್ದ, ಅಷ್ಟರಲ್ಲಿ ಹಿಡಿದರು. 1910ರ ಏಪ್ರಿಲ್ 19ರಂದು ಠಾಣೆಯ ಸೆರೆಮನೆಯಲ್ಲಿ ಅವನನ್ನೂ, ಕೃಷ್ಣಾಜಿ ಗೋಪಾಳ ಕರ್ವೆ, ವಿನಾಯಕ ನಾರಾಯಣ ದೇಶಪಾಂಡೆ ಎಂಬ ಇನ್ನಿಬ್ಬರನ್ನೂ ಗಲ್ಲಿಗೇರಿಸಿದರು. ಬಳಿಕ ನಡೆದ ನಾಸಿಕ ಒಳಸಂಚಿನ ಮೊಕದ್ದಮೆಯಲ್ಲಿ 38 ಜನರ ವಿಚಾರಣೆಯಾಗಿ 27 ಜನರಿಗೆ ಶಿಕ್ಷೆಯಾಯಿತು. ಅಭಿನವ ಭಾರತ ಮತ್ತೆ ತಲೆಯೆತ್ತಲಿಲ್ಲ.

ಈ ತರುಣರಿಗೆ ದಾರಿ ತೋರಿಸಿದವರು ಯಾರು? ಇಲ್ಲಿಂದ ನಾವು ಸ್ವಲ್ಪ ದೂರ, ರಷ್ಯಾಕ್ಕೆ ಹೋಗಬೇಕಾಗುತ್ತದೆ. ಬಾಬಾರಾವ್ ಅವರ ಮನೆಯನ್ನು ಶೋಧಿಸಿದಾಗ ಯುರೋಪಿನ ಗುಪ್ತ ಸಂಘಗಳ ಇತಿಹಾಸ ಹೇಳುವ ಒಂದು ಪುಸ್ತಕ ಸಿಕ್ಕಿತು. ರಷ್ಯಾದ ನಿಹಿಲಿಸ್ಟರು ಸಣ್ಣ ಸಣ್ಣ ಗುಂಪುಗಳಾಗಿ, ಒಂದು ಗುಂಪಿನವನಿಗೆ ಇನ್ನೊಂದರ ಸುಳಿವು ತಿಳಿಯದಂತೆ ಹೇಗೆ ಸಂಘಟಿತರಾಗಿದ್ದರು ಎಂಬ ವಿವರ ಅದರಲ್ಲಿತ್ತು. ಓದಿದವರು ಪುಟಪುಟಗಳಲ್ಲೂ ಗೆರೆ ಎಳೆದಿದ್ದರು. ಬಾಂಬು ತಯಾರಿಸುವ ಕೈಪಿಡಿಯ ಟೈಪು ಮಾಡಿದ ಪ್ರತಿಯೂ ಸಿಕ್ಕಿತು. ಸೇನಾಪತಿ ಬಾಪಟರೂ ಬಂಗಾಳದ ಹೇಮಚಂದ್ರ ಕಾನೂನ್ಗೊ ಅವರೂ ಪ್ಯಾರಿಸಿನಲ್ಲಿ ರಷ್ಯನ್ ಕ್ರಾಂತಿಕಾರರಿಂದ ಕಲಿತು ತಂದ ವಿದ್ಯೆ ಅದು. ವಿನಾಯಕ ಸಾವರಕರರು ಲಂಡನ್ನಿನಿಂದ ಪೆಟ್ಟಿಗೆಯ ಕಳ್ಳತಳದಲ್ಲಿ ಅಡಗಿಸಿ ಕಳಿಸಿದ್ದ 20 ಬ್ರೌನಿಂಗ್ ಪಿಸ್ತೂಲುಗಳಲ್ಲಿ ಒಂದು ಕಾನ್ಹೆರೆಯ ಕೈಗೆ ಬಂದಿತ್ತು.

ಆದರೆ ರಷ್ಯಾದ ಕ್ರಾಂತಿಕಾರರು ಕೈಪಿಡಿಯನ್ನು ಮಾತ್ರ ಬಿಟ್ಟುಹೋದವರಲ್ಲ. ಒಂದು ದೊಡ್ಡ ಧರ್ಮಸಂಕಟವನ್ನೂ ಬಿಟ್ಟುಹೋದರು. ಅಲ್ಲಿನ ಸಮಾಜವಾದಿ ಕ್ರಾಂತಿಕಾರಿ ಪಕ್ಷದ ಹೋರಾಟದಳದಲ್ಲಿ ಇವಾನ್ ಕಲ್ಯಾಯೆವ್ ಎಂಬ ತರುಣನಿದ್ದ. ಗೆಳೆಯರು ಅವನನ್ನು ಕವಿಯೆಂದು ಕರೆಯುತ್ತಿದ್ದರು. 1905ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಚಕ್ರವರ್ತಿಯ ಚಿಕ್ಕಪ್ಪ ಸೆರ್ಗೆಯ್‌ನ ಮೇಲೆ ಬಾಂಬು ಎಸೆಯುವ ಹೊಣೆ ಅವನದಾಗಿತ್ತು. ಗಾಡಿ ಹತ್ತಿರ ಬಂತು, ಕೈ ಎತ್ತಿದ. ಒಳಗೆ ಸೆರ್ಗೆಯ್‌ನ ಜೊತೆ ಅವನ ಹೆಂಡತಿಯೂ ಇಬ್ಬರು ಮಕ್ಕಳೂ ಕುಳಿತಿದ್ದರು. ಕಲ್ಯಾಯೆವ್ ಕೈ ಇಳಿಸಿಬಿಟ್ಟ. ಸಂಗಡಿಗರ ಬಳಿಗೆ ಹೋಗಿ, ಮಾಡಿದ್ದು ಸರಿಯೇ ಎಂದು ಕೇಳಿದ. ಸರಿಯೇ ಎಂದು ನಾಯಕ ಬೋರಿಸ್ ಸಾವಿಂಕೊವ್ ಒಪ್ಪಿದ. ಎರಡು ದಿನದ ಮೇಲೆ ಸೆರ್ಗೆಯ್ ಒಬ್ಬನೇ ಬಂದಾಗ ಬಾಂಬು ಎಸೆದು ಸಿಕ್ಕಿಬಿದ್ದ. ಸತ್ತವನ ಹೆಂಡತಿ ಎಲಿಜವೆತಾ ಸೆರೆಮನೆಗೆ ಬಂದು ಅವನನ್ನು ಕಂಡಳು. ಕ್ಷಮಾದಾನ ಅವನಿಗೆ ಬೇಕಿರಲಿಲ್ಲ. ತೆಗೆದ ಪ್ರಾಣಕ್ಕೆ ತನ್ನ ಪ್ರಾಣವೇ ಬೆಲೆ, ಬೆಲೆ ತೆರದಿದ್ದರೆ ತಾನು ಬರಿಯ ಕೊಲೆಗಾರ ಎಂಬುದು ಅವನ ನಿಲುವಾಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಿದರು.

ಭಾರತದ ಕಥೆ ಕೇಳಿ ಬೆಳೆದ ನಮಗೆ ಆ ಗಾಡಿಯಲ್ಲಿದ್ದ ಮಕ್ಕಳು ಅಪರಿಚಿತರಲ್ಲ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಶಿಬಿರಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದ. ತೊಡೆ ಮುರಿದು ಬಿದ್ದಿದ್ದ ದುರ್ಯೋಧನ ಕೂಡ ಆ ಶಿಶುಹತ್ಯೆಗೆ ಮರುಗಿದನೆಂದೇ ನಮ್ಮ ಕಥೆಗಾರರು ಹೇಳಿಕೊಂಡು ಬಂದಿದ್ದಾರೆ. ಛಲಕ್ಕೂ ಒಂದು ಎಲ್ಲೆಯುಂಟು ಎಂಬುದು ಇದರ ತಾತ್ಪರ್ಯ. 1908ರ ಏಪ್ರಿಲ್ 30ರಂದು ಬಿಹಾರದ ಮುಜಫ್ಫರಪುರದಲ್ಲಿ ಕಿಂಗ್ಸ್‌ಫರ್ಡ್ ಎಂಬ ನ್ಯಾಯಾಧೀಶನಿಗೆಂದು ಎಸೆದ ಬಾಂಬಿಗೆ ಬಲಿಯಾದವರು ಬೇರೊಂದು ಗಾಡಿಯಲ್ಲಿದ್ದ ತಾಯಿ, ಮಗಳು. ಗಲ್ಲಿಗೇರಿದ ಖುದಿರಾಮನಿಗೆ ಹದಿನೆಂಟು ವರ್ಷ. ಕಲ್ಯಾಯೆವ್‌ನಿಗೆ ಗಾಡಿಯ ಒಳಗಿನ ಮುಖಗಳು ಕಂಡವು; ಮುಜಫ್ಫರಪುರದಲ್ಲಿ ಕತ್ತಲೆಯಿತ್ತು. ಒಬ್ಬನಿಗೆ ಸಿಕ್ಕ ಆ ಒಂದು ಕ್ಷಣದ ಬೆಳಕು ಇನ್ನೊಬ್ಬನಿಗೆ ಸಿಗಲಿಲ್ಲ.

ಅದೇ ಕಾಲದಲ್ಲಿ ರಷ್ಯಾದಿಂದ ಇನ್ನೊಂದು ಕಾಗದವೂ ಬಂತು. 1908ರ ಡಿಸೆಂಬರಿನಲ್ಲಿ ಟಾಲ್‌ಸ್ಟಾಯ್ ಅವರು ತಾರಕನಾಥ ದಾಸ್ ಎಂಬ ಬಂಗಾಳಿ ಕ್ರಾಂತಿಕಾರನಿಗೆ ಒಂದು ದೀರ್ಘ ಪತ್ರ ಬರೆದು, ಹಿಂಸೆಯನ್ನು ಹಿಂಸೆಯಿಂದ ಗೆಲ್ಲಲಾಗದೆಂದು ವಾದಿಸಿದರು. ಅದು ಗಾಂಧೀಜಿಯ ಕೈಸೇರಿತು. 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂದಿರುಗುತ್ತಿದ್ದಾಗ ಹಡಗಿನಲ್ಲೇ ಅವರು ಅದನ್ನು ಗುಜರಾತಿಗೆ ಅನುವಾದಿಸಿದರು. 'ಹಿಂದ್ ಸ್ವರಾಜ್' ಬರೆದದ್ದೂ ಅದೇ ಹಡಗಿನಲ್ಲಿ. ಆ ಜುಲೈಯಲ್ಲಿ ಮದನಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಕರ್ಜನ್ ವಾಯ್ಲಿಯನ್ನು ಕೊಂದಿದ್ದ. ಧಿಂಗ್ರಾ ದೇಶಭಕ್ತನೇ, ಆದರೆ ಅವನ ಪ್ರೇಮ ಕುರುಡು, ತನ್ನ ದೇಹವನ್ನು ತಪ್ಪು ದಾರಿಯಲ್ಲಿ ಅರ್ಪಿಸಿದ ಎಂದು ಗಾಂಧೀಜಿ ಬರೆದರು. ಕೊಲೆಯಿಂದ ಅಧಿಕಾರಕ್ಕೆ ಬಂದವರು ನಾಡನ್ನು ಸುಖವಾಗಿ ಇಡಬಲ್ಲರೇ ಎಂದೂ ಕೇಳಿದರು. ಆ ಬರಹ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಪ್ರಕಟವಾದದ್ದು 1909ರ ಡಿಸೆಂಬರ್ 11 ಮತ್ತು 18ರಂದು. ಎರಡನೆಯ ಕಂತು ಅಚ್ಚಾಗಿ ಮೂರು ದಿನಕ್ಕೆ ನಾಸಿಕದಲ್ಲಿ ಗುಂಡು ಹಾರಿತು. ಒಂದೇ ರಷ್ಯಾದಿಂದ ಕೈಪಿಡಿಯೂ ಬಂತು, ಪತ್ರವೂ ಬಂತು. ಔರಂಗಾಬಾದಿನ ಹುಡುಗನಿಗೆ ತಲುಪಿದ್ದು ಮೊದಲನೆಯದರ ಫಲ.

ಇಷ್ಟಕ್ಕೆ ಅಹಿಂಸೆಯೇ ಸರಿಯೆಂದು ಹೇಳಿ ಮುಗಿಸಬಹುದಿತ್ತು. ಆದರೆ ಉಪದೇಶ ಮಾಡುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 1858ರಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಕಡಿದ ನರಗುಂದದ ಬಾಬಾಸಾಹೇಬ ನಮಗೆ ವೀರನೇ. 1942ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಜನರ ಕೈಯಲ್ಲಿ ಹತರಾದರು. ಸತ್ತವರೂ ಕನ್ನಡಿಗರು, ಮುಂದಿನ ಮಾರ್ಚಿಯಲ್ಲಿ ಗಲ್ಲಿಗೇರಿದ ಐವರೂ ಕನ್ನಡಿಗರು. ಅದೇ ಹೋರಾಟದಲ್ಲಿ, ಗಾಂಧೀಜಿಯೊಡನೆ ದಾಂಡಿಗೆ ನಡೆದಿದ್ದ ಮೈಲಾರ ಮಹಾದೇವಪ್ಪನವರು ಸರ್ಕಾರದ ಚಾವಡಿ, ದಫ್ತರಗಳ ಮೇಲೆ ದಾಳಿ ಮಾಡಿದರು. ಪ್ರಾಣಕ್ಕೆ ಕೈಹಾಕುವುದು ಅವರ ದಾರಿಯಾಗಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರೇ ಗುಂಡಿಗೆ ಬಲಿಯಾದರು. ಒಂದೇ ನಾಡಿನಲ್ಲಿ, ಒಂದೇ ಹೋರಾಟದಲ್ಲಿ ಎರಡು ದಾರಿ. ಇನ್ನು ಓಝರಿನಲ್ಲಿ ರಷ್ಯಾದ ನೆರವಿನಿಂದಲೇ ತಯಾರಾದ ಮಿಗ್ ವಿಮಾನಗಳು ಹೂಮಳೆಗರೆಯಲು ಹಾರಿದವಲ್ಲ. ಆ ಕೆಲಸ ಮಾಡಿದವರು ತಾವು ದೇಶವನ್ನು ಕಾಯುತ್ತಿದ್ದೇವೆಂದು ನಂಬಿದ್ದರು. ಆ ನಂಬಿಕೆಯೂ ಸುಳ್ಳಲ್ಲ. ಹಾಗಿದ್ದಮೇಲೆ ಕಾನ್ಹೆರೆಯನ್ನು ತೀರ್ಪುಗಟ್ಟೆಯಲ್ಲಿ ನಿಲ್ಲಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು?

ತೀರ್ಪು ಬೇಡ, ಲೆಕ್ಕ ಬೇಕು ಎಂಬುದು ನಮ್ಮ ಅಭಿಪ್ರಾಯ. ಯೋಧ ಕೊಲ್ಲುವಾಗ ಎದುರಿಗೂ ಆಯುಧವಿರುತ್ತದೆ. ಕಳಿಸಿದವರು ಯಾರೆಂದು ಲೋಕಕ್ಕೆ ಗೊತ್ತಿರುತ್ತದೆ, ಅವರನ್ನು ಪ್ರಶ್ನಿಸಲು ಸಭೆಯೊಂದಿರುತ್ತದೆ. ಗುಪ್ತ ಸಂಘದಲ್ಲಿ ದೂರು ಕೊಡುವವನು, ಸಾಕ್ಷಿ ಹೇಳುವವನು, ತೀರ್ಪು ಕೊಡುವವನು, ಜಾರಿ ಮಾಡುವವನು ಎಲ್ಲರೂ ನಾಲ್ಕು ಜನ ಗೆಳೆಯರೇ. ಅಪೀಲಿಗೆ ಜಾಗವಿಲ್ಲ. ಇದಕ್ಕೆ ಪರಿಹಾರವಾಗಿ ಕಲ್ಯಾಯೆವ್ ತನ್ನ ಪ್ರಾಣವನ್ನು ತಕ್ಕಡಿಗೆ ಹಾಕಿದ. ಕ್ರಾಂತಿಕಾರರ ವಾದಗಳಲ್ಲಿ ಇದಕ್ಕಿಂತ ಎತ್ತರದ ವಾದ ಇನ್ನೊಂದಿಲ್ಲ. ಆದರೂ ತಕ್ಕಡಿ ಸರಿದೂಗುವುದಿಲ್ಲ. ನನ್ನ ಗಂಟನ್ನು ನಾನು ದಾನ ಮಾಡಬಹುದು. ಪಕ್ಕದ ಮನೆಯವನ ಗಂಟನ್ನು ಕಸಿದುಕೊಂಡು, ಆಮೇಲೆ ನನ್ನ ಗಂಟನ್ನೂ ಹೊಳೆಗೆ ಎಸೆದರೆ ಅವನ ಮನೆ ತುಂಬುವುದಿಲ್ಲ. ಪ್ರಾಣ ಕೊಡುವ ಧೈರ್ಯ ಪ್ರಾಣ ತೆಗೆಯುವ ಹಕ್ಕಾಗಲಾರದು. ಎರಡೂ ಒಬ್ಬನೇ ಮನುಷ್ಯನಲ್ಲಿ ಸೇರಿದಾಗ ಮೊದಲನೆಯದಕ್ಕೆ ನಮಸ್ಕರಿಸಿಯೂ ಎರಡನೆಯದನ್ನು ಒಪ್ಪದಿರಲು ನಮಗೆ ಸಾಧ್ಯವಾಗಬೇಕು.

ಹಾಗೆಂದು ಆ ಬೆಲೆ ವ್ಯರ್ಥವೂ ಅಲ್ಲ. ತೆರಬೇಕೆಂದು ತಿಳಿದವನು ಎಣಿಸಿ ಕೊಳ್ಳುತ್ತಾನೆ. ತೆರಬೇಕಿಲ್ಲವೆಂದು ತಿಳಿದವನಿಗೆ ಎಣಿಕೆಯೇ ಇಲ್ಲ. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ವಚನ ಸಾಹಿತ್ಯಕ್ಕೆ ಬಾಳು ಸವೆಸಿದ ನಮ್ಮ ಎಂ. ಎಂ. ಕಲಬುರ್ಗಿಯವರು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಇವನ್ನು ಕಾನ್ಹೆರೆಯ ಕೃತ್ಯದೊಂದಿಗೆ ಒಂದೇ ಸಾಲಿನಲ್ಲಿ ಇಡುವುದು ಅನ್ಯಾಯ. ಅವನು ಪರಕೀಯರ ಆಳ್ವಿಕೆಯಲ್ಲಿ ಬಾಯಿ ಕಟ್ಟಿಸಿಕೊಂಡ ನಾಡಿನ ಹುಡುಗ, ಜನಸಮೂಹದ ನಡುವೆ ನಿಂತು ಗುಂಡು ಹಾರಿಸಿದ, ಗಲ್ಲಿಗೆ ಹೋದ. ಇವರು ಮತವೂ ನ್ಯಾಯಾಲಯವೂ ಪತ್ರಿಕೆಯೂ ಇರುವ ಸ್ವತಂತ್ರ ದೇಶದಲ್ಲಿ ಮುಖ ತೋರದೆ ಓಡಿಹೋದವರು. ಆದರೆ ನನ್ನ ಧ್ಯೇಯ ದೊಡ್ಡದು, ಆದ್ದರಿಂದ ನಾನೇ ನ್ಯಾಯಾಧೀಶ ಎಂಬ ಬಾಗಿಲನ್ನು ಒಮ್ಮೆ ತೆರೆದರೆ ಅದರೊಳಗೆ ಯಾರು ಬರಬೇಕು, ಯಾರು ಬರಬಾರದು ಎಂದು ತಡೆಯಲು ಕಾವಲುಗಾರನಿಲ್ಲ. ಸಾವಿಂಕೊವ್‌ನ ಬಾಳೇ ಇದಕ್ಕೆ ನಿದರ್ಶನ. 1917ರ ಕ್ರಾಂತಿಯ ಬಳಿಕ ಕೆರೆನ್ಸ್ಕಿಯ ಸರ್ಕಾರದಲ್ಲಿ ಯುದ್ಧ ಖಾತೆಯ ಉಪಸಚಿವನಾದ, ಬೋಲ್ಶೆವಿಕರ ವಿರುದ್ಧ ಮತ್ತೆ ಆಯುಧ ಹಿಡಿದ, 1924ರಲ್ಲಿ ಮೋಸಕ್ಕೆ ಸಿಕ್ಕಿ ಸೆರೆಯಾದ. ಮರುವರ್ಷ ಮಾಸ್ಕೋದ ಸೆರೆಯಲ್ಲಿ ಕಿಟಕಿಯಿಂದ ಬಿದ್ದು ಸತ್ತ. ಚಕ್ರವರ್ತಿ ಹೋದ; ಕೊಲ್ಲುವುದು ನಿಲ್ಲಲಿಲ್ಲ.

ಕಡೆಯದಾಗಿ, ಹಿರಿಯರ ಮಾತು. ಪಿಸ್ತೂಲು ಹದಿನೆಂಟರ ಹುಡುಗನ ಕೈಸೇರುವ ಮೊದಲು ಎಷ್ಟೋ ಹಿರಿಯ ಕೈಗಳನ್ನು ದಾಟಿ ಬಂದಿರುತ್ತದೆ. ನಾಸಿಕದ ಪ್ರಕರಣದಲ್ಲಿ ಆ ಹಿರಿಯರೂ ಬೆಲೆ ತೆತ್ತರು. ವಿನಾಯಕ ಸಾವರಕರರು ಎರಡು ಆಜೀವ ಶಿಕ್ಷೆ ಹೊತ್ತು 1911ರಲ್ಲಿ ಅಂಡಮಾನಿಗೆ ಹೋದರು. ನಮ್ಮ ಮನೆಗಳಲ್ಲಿ ಪಿಸ್ತೂಲುಗಳಿಲ್ಲ, ನಿಜ. ಆದರೆ ಗಡಿಯ ವಿಷಯ, ಭಾಷೆಯ ವಿಷಯ, ಜಾತಿ ಮತಗಳ ವಿಷಯ ಬಂದಾಗ, ಇಂಥವರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಬೇಕು ಎಂಬ ಮಾತನ್ನು ಕಾಫಿ ಕುಡಿಯುತ್ತ ಸಲೀಸಾಗಿ ಆಡುವವರು ನಮ್ಮ ನಡುವೆ ಕಡಿಮೆಯೇನಲ್ಲ. ಆಡಿದವರು ಲೋಟ ತೊಳೆಯುವ ಹೊತ್ತಿಗೆ ಮರೆತಿರುತ್ತಾರೆ. ಮೂಲೆಯಲ್ಲಿ ಪಾಠ ಓದುತ್ತ ಕುಳಿತ ಹುಡುಗ ಮರೆತಿರುವುದಿಲ್ಲ. ಅವನ ವಯಸ್ಸು ನಂಬುವ ವಯಸ್ಸು.

ಆದ್ದರಿಂದ ಮಗು ಕೇಳಿದಾಗ ಎರಡು ಹೆಸರನ್ನೂ ಹೇಳೋಣ. ಕಾನ್ಹೆರೆಯ ಹೆಸರು ಹೇಳುವಾಗ ಅವನ ಸಂಕಟವನ್ನೂ ಧೈರ್ಯವನ್ನೂ ಹೇಳೋಣ. ಇಂದು ನಾವು ಭಯವಿಲ್ಲದೆ ಬರೆಯುವ, ಮತ ಹಾಕುವ ಭಾಗ್ಯದಲ್ಲಿ ಅಂಥವರ ಋಣವಿದೆ ಎಂದು ಹೇಳೋಣ. ಜಾಕ್ಸನ್‌ನ ಹೆಸರು ಹೇಳುವಾಗ ಅವನು ದಾಸ್ಯದ ಯಂತ್ರದ ಒಂದು ಚಕ್ರವಾಗಿದ್ದನೆಂಬುದನ್ನೂ, ನಮ್ಮ ಹಳ್ಳಿಗಳ ನಂಬಿಕೆಗಳನ್ನು ಆಸ್ಥೆಯಿಂದ ಬರೆದಿಟ್ಟುಕೊಂಡ ಮನುಷ್ಯನಾಗಿದ್ದನೆಂಬುದನ್ನೂ ಹೇಳೋಣ. ಹಾಗಾದರೆ ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಮಗು ಮತ್ತೆ ಕೇಳುತ್ತದೆ. ಅವಸರದ ಉತ್ತರ ಕೊಟ್ಟು ಬಾಯಿ ಮುಚ್ಚಿಸುವುದು ಬೇಡ. ನೀನೇನನ್ನುತ್ತೀ ಎಂದು ಕೇಳಿ, ಜೊತೆಗೆ ಕೂತು ಯೋಚಿಸೋಣ. ಹೀಗೆ ಯೋಚಿಸಲು ಕಲಿತ ಮಗು ಮುಂದೆ ಎಂದಾದರೂ ಕೈ ಎತ್ತುವ ಹೊತ್ತು ಬಂದರೆ ಎದುರಿಗಿರುವವರ ಮುಖವನ್ನು ಒಮ್ಮೆಯಾದರೂ ನೋಡೀತು.